ಉನವಟುನದ ಕೊನೆಯ ದಿನಗಳು

ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ಪ್ರವಾಸಿಗಳ ಹಂಗಾಮು ಡಿಸೆಂಬರಿನಲ್ಲಿ ಶುರುವಾಗಿ ಏಪ್ರಿಲ್ ನಡುವಿನ ಹೊತ್ತಿಗೆ ಮುಗಿಯುತ್ತದೆ. ಮೇ ತಿಂಗಳಲ್ಲಿ ನೈರುತ್ಯ ಮುಂಗಾರು ಬಂದು ತಗುಲಿತೆಂದರೆ ಕಡಲು ಕದಡಿ ಬಣ್ಣಗೆಡುತ್ತದೆ, ಸ್ನಾನಕ್ಕೆ ಇಳಿಯುವಂತಿಲ್ಲ, ದೋಣಿಗಳನ್ನು ದಂಡೆಯ ಮೇಲಕ್ಕೆ ಎಳೆದು ಕಟ್ಟುತ್ತಾರೆ. ಅದೇ ಮುಂಗಾರು ಕೆಲವು ದಿನ ಕಳೆದು ಉಳ್ಳಾಲ, ಮಲ್ಪೆಗೂ ಬರುತ್ತದೆ. ಆಗ ಲಂಕೆಯ ಪೂರ್ವ ಕರಾವಳಿ ಶಾಂತವಾಗಿರುತ್ತದೆ. ಹೋಟೆಲುಗಳಲ್ಲಿ ದುಡಿಯುವ ಹುಡುಗರಲ್ಲಿ ಕೆಲವರು ಗಂಟು ಕಟ್ಟಿಕೊಂಡು ಅರುಗಂ ಕೊಲ್ಲಿಯ ಕಡೆ ಹೊರಡುತ್ತಾರೆ, ಉಳಿದವರು ಒಳನಾಡಿನ ತಮ್ಮ ತಮ್ಮ ಊರು ಸೇರುತ್ತಾರೆ.

ಈ ಹಂಗಾಮಿನ ಕೊನೆಯ ದಿನಗಳ ಸ್ವಭಾವವೇ ಬೇರೆ. ಕೋಣೆಗಳ ಬಾಡಿಗೆ ಇಳಿಯುತ್ತದೆ. ಯುರೋಪಿನವರು ಒಬ್ಬೊಬ್ಬರಾಗಿ ಹೊರಟುಹೋಗಿ ಮರಳ ಮೇಲಿನ ಮೇಜುಗಳು ಖಾಲಿ ಬೀಳುತ್ತವೆ. ಅದೇ ಹೊತ್ತಿಗೆ, ಏಪ್ರಿಲ್ 13 ಅಥವಾ 14ಕ್ಕೆ, ಸಿಂಹಳೀಯರ ಮತ್ತು ಲಂಕೆಯ ತಮಿಳರ ಹೊಸ ವರ್ಷ ಬರುತ್ತದೆ. ಸೂರ್ಯ ಮೀನದಿಂದ ಮೇಷಕ್ಕೆ ಕಾಲಿಡುವ ಈ ದಿನವೇ ತುಳುನಾಡಿನ ಬಿಸು. ಅಲ್ಲಿಯವರೆಗೆ ಕಡಲಿನ ಕಡೆ ಮುಖ ಮಾಡಿ ಕೂತಿದ್ದ ಪ್ರವಾಸಿ ಈ ದಿನಗಳಲ್ಲಿ ತಿರುಗಿ ಊರನ್ನು ನೋಡುತ್ತಾನೆ. ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಹಾಗೆ ತಿರುಗಿ ನೋಡಿದಾಗ ಕಂಡದ್ದು.

2004ರ ಏಪ್ರಿಲಿನಲ್ಲಿ ಮಂಗಳೂರಿನ ಒಂದು ಕುಟುಂಬ ಗಾಲೆಯ ಹತ್ತಿರದ ಉನವಟುನದಲ್ಲಿ ರಜೆ ಕಳೆದಿತ್ತು. ಆ ದಿನಗಳ ಮಾತು ಮನೆಯಲ್ಲಿ ಬರುವುದು ಕಡಿಮೆಯಾಗಿ ಬಹಳ ಕಾಲವಾಗಿತ್ತು. 2024ರ ಡಿಸೆಂಬರ್ 26ರಂದು ಟಿ.ವಿ.ಯಲ್ಲಿ ಪೆರಲಿಯ ಎಂಬ ಊರಿನ ಬಳಿ ನಿಂತ ರೈಲೊಂದನ್ನು ತೋರಿಸಿದರು. 2004ರ ಡಿಸೆಂಬರಿನ ಸುನಾಮಿಯಲ್ಲಿ ಸಿಕ್ಕಿ ಉಳಿದ, ದುರಸ್ತಿಯಾಗಿ ಮತ್ತೆ ಹಳಿಗೆ ಬಂದ 591 ಸಂಖ್ಯೆಯ ಎಂಜಿನ್‌ನ ರೈಲು ವರ್ಷಕ್ಕೊಮ್ಮೆ ಅದೇ ದಿನ ಅಲ್ಲಿ ಬಂದು ನಿಲ್ಲುತ್ತದೆ, ಸತ್ತವರ ಮನೆಯವರು ಅದರ ಎದುರು ಸೇರುತ್ತಾರೆ. ಆ ಕುಟುಂಬದ ಮಗಳು ಮಂಗಳೂರಿನ ಮನೆಯಲ್ಲಿ ಕೂತು ಹಳಿಯ ಬದಿಯ ತೆಂಗುಗಳನ್ನು, ಹೆಂಚಿನ ಮನೆಗಳನ್ನು ನೋಡಿದಳು. ನಾಲ್ಕನೇ ಕ್ಲಾಸು ಮುಗಿಸಿದ ಬೇಸಗೆಯಲ್ಲಿ ಅದೇ ಹಳಿಯ ಮೇಲೆ, ಕಡಲ ಬದಿಯ ಕಿಟಕಿಯಲ್ಲಿ, ಅವಳು ಆ ಊರನ್ನು ದಾಟಿದ್ದಳು. ಮುಂದೆ ಹೇಳುವುದು ಅವಳಿಗೆ ನೆನಪಿರುವುದು ಮತ್ತು ಅವಳ ಅಪ್ಪ ಅಮ್ಮ ಕೂಡಿಸಿ ತಿದ್ದಿದ್ದು.

ಆ ವರ್ಷದ ಹಂಗಾಮು ಲಂಕೆಗೆ ಭರವಸೆಯದಾಗಿತ್ತು. ಸರಕಾರ ಮತ್ತು ಎಲ್‌ಟಿಟಿಇ ನಡುವೆ ನಾರ್ವೆಯ ಮಧ್ಯಸ್ಥಿಕೆಯಲ್ಲಿ 2002ರ ಫೆಬ್ರವರಿಯಲ್ಲಿ ಕದನವಿರಾಮ ಆಗಿತ್ತು. 2003ರಲ್ಲಿ ವಿದೇಶಿ ಪ್ರವಾಸಿಗಳ ಸಂಖ್ಯೆ 5 ಲಕ್ಷ ದಾಟಿತ್ತು. ದಂಡೆಯ ಊರುಗಳಲ್ಲಿ ಮನೆಯಿದ್ದವರೆಲ್ಲ ಒಂದು ಕೋಣೆ ಹೆಚ್ಚಿಗೆ ಕಟ್ಟಿಸುತ್ತಿದ್ದರು, ಜಾಗ ಹಿಂದಕ್ಕೆ ಇಲ್ಲದಿದ್ದರೆ ಮುಂದಕ್ಕೆ, ನೀರಿನ ಕಡೆಗೆ. ಏಪ್ರಿಲ್ 2ಕ್ಕೆ ಸಂಸತ್ತಿನ ಚುನಾವಣೆ ಮುಗಿದಿದ್ದು, ಗೋಡೆಗಳ ಮೇಲೆ ಉಮೇದುವಾರರ ನಗುಮುಖಗಳು ಇನ್ನೂ ಹಾಗೇ ಇದ್ದವು. ಲಂಕೆಯ ಗಡಿಯಾರ ಆಗ ಭಾರತದ್ದಕ್ಕಿಂತ ಅರ್ಧ ಗಂಟೆ ಮುಂದಿತ್ತು. ಅಪ್ಪ ವಿಮಾನ ಇಳಿದ ಕೂಡಲೇ ಕೈಗಡಿಯಾರ ತಿದ್ದಿಕೊಂಡಿದ್ದರು. ಅಮ್ಮ ತಮ್ಮದನ್ನು ಊರಿನ ಸಮಯಕ್ಕೇ ಇಟ್ಟುಕೊಂಡಿದ್ದರು, ಮಂಗಳೂರಿನಲ್ಲಿ ಅಜ್ಜಿ ಮಾತ್ರೆ ತೆಗೆದುಕೊಳ್ಳುವ ಹೊತ್ತು ತಿಳಿಯಬೇಕೆಂದು.

ಉನವಟುನ ಗಾಲೆಯಿಂದ ಐದಾರು ಕಿಲೋಮೀಟರ್ ದೂರದ ಒಂದು ಪುಟ್ಟ ಕೊಲ್ಲಿ. ಲಾಳದ ಹಾಗೆ ಬಾಗಿದ ದಂಡೆ, ಪಶ್ಚಿಮದ ಮೂಲೆಯಲ್ಲಿ ಬಂಡೆಗಳ ಮೇಲೆ ಒಂದು ದೇವಾಲಯ, ಅದರ ಹಿಂದೆ ಕಾಡು ಬೆಳೆದ ರುಮಸ್ಸಲ ಗುಡ್ಡ. ಹನುಮಂತ ಸಂಜೀವಿನಿಯ ಪರ್ವತ ಹೊತ್ತು ತರುವಾಗ ಜಾರಿಬಿದ್ದ ಚೂರೇ ಈ ಗುಡ್ಡ ಎಂದು ಊರಿನವರು ಹೇಳುತ್ತಾರೆ. ಅಲ್ಲಿ ಔಷಧಿಯ ಗಿಡಗಳಿವೆ ಎಂಬ ನಂಬಿಕೆಯೂ ಇದೆ. ಕೊಲ್ಲಿಯ ಬಾಯಿಗೆ ಅಡ್ಡವಾಗಿ ಹವಳದ ದಿಬ್ಬ ಇದ್ದುದರಿಂದ ಅಲೆಗಳ ಅಬ್ಬರ ಅಲ್ಲೇ ಒಡೆದು, ಒಳಗಿನ ನೀರು ಮಕ್ಕಳು ಆಡುವಷ್ಟು ಶಾಂತವಾಗಿರುತ್ತಿತ್ತು. ಉಳ್ಳಾಲದ ಕಡಲ್ಕೊರೆತವನ್ನು ಕಂಡ ಆ ಕುಟುಂಬಕ್ಕೆ, ಮಳೆಗಾಲದಲ್ಲಿ ತೆಂಗಿನ ಮರಗಳು ಬುಡಸಮೇತ ನೀರಿಗೆ ಉರುಳುವುದನ್ನು ನೋಡಿದವರಿಗೆ, ಇಂಥ ಸಾಧು ಕಡಲು ನಂಬುವುದೇ ಕಷ್ಟವಾಗಿತ್ತು. ಅಮ್ಮ ಮೊದಲ ದಿನ ಮೊಣಕಾಲಿನ ಮೇಲೆ ನೀರು ಬರಗೊಡಲಿಲ್ಲ. ಕೊನೆಯ ದಿನಗಳಲ್ಲಿ ಅವರೇ ಮಗಳಿಗಿಂತ ಮುಂದೆ ಹೋಗಿ ನೀರಿನಲ್ಲಿ ಕೂರುತ್ತಿದ್ದರು.

ಅವರು ಇಳಿದುಕೊಂಡದ್ದು ಒಂದು ಮನೆಯಲ್ಲಿ. ಮುಂದಿನ ಭಾಗದಲ್ಲಿ ಅತಿಥಿಗಳಿಗೆ ಕೋಣೆಗಳು, ಹಿಂದೆ ಯಜಮಾನಿಯ ಸಂಸಾರ. ಯಜಮಾನಿ ಐವತ್ತರ ಆಸುಪಾಸಿನವರು, ಗಂಡ ತೀರಿಕೊಂಡಿದ್ದರು. ಅಮ್ಮ ಅವರನ್ನು ಅಕ್ಕ ಎಂದು ಕರೆದರು, ಅವರಿಗೂ ಅದು ಸಹಜವಾಗಿ ಒಪ್ಪಿತು. ಅವರು ಅಮ್ಮನನ್ನು ನಂಗಿ (ತಂಗಿ) ಎಂದರು, ಹುಡುಗಿಯನ್ನು ದುವ (ಮಗಳು) ಎಂದರು. ಒಬ್ಬಳು ಮಗಳು ಗಾಲೆಯಲ್ಲಿ ಓದುತ್ತಿದ್ದಳು. ಕೆಲಸಕ್ಕೆ ಒಬ್ಬ ಹುಡುಗ ಇದ್ದ, ಹದಿಮೂರೋ ಹದಿನಾಲ್ಕೋ ವಯಸ್ಸು. ಬೆಳಿಗ್ಗೆ ಅಂಗಳ ಗುಡಿಸುವುದರಿಂದ ಹಿಡಿದು ರಾತ್ರಿ ಗೇಟು ಹಾಕುವವರೆಗೆ ಎಲ್ಲ ಅವನದೇ. ತಂಬಿಲಿ ಎನ್ನುವ ಕೇಸರಿ ಬಣ್ಣದ ಎಳನೀರನ್ನು ಮೂರೇ ಪೆಟ್ಟಿಗೆ ಕೆತ್ತಿ ಕೊಡುತ್ತಿದ್ದ. ಶಾಲೆ ಯಾಕೆ ಬಿಟ್ಟೆ ಎಂದು ಆ ಮನೆಯಲ್ಲಿ ತಂಗಿದ ಯಾರೂ ಅವನನ್ನು ಕೇಳಿದಂತೆ ಕಾಣುವುದಿಲ್ಲ. ಅಂಥ ಹುಡುಗರು ಮಂಗಳೂರಿನ ಹೋಟೆಲುಗಳಲ್ಲೂ ಮೇಜು ಒರೆಸುತ್ತಿದ್ದ ಕಾಲ ಅದು. ಕಡಲತೀರದ ಆ ಅಗ್ಗದ, ಅಕ್ಕರೆಯ ಆತಿಥ್ಯದ ಅರ್ಧ ಭಾರ ಅವನ ಹೆಗಲ ಮೇಲಿತ್ತು ಎಂದು ಇಂದು ಹೇಳದೆ ಆ ದಿನಗಳನ್ನು ನೆನೆಯುವುದು ಸರಿಯಲ್ಲ.

ರಜೆಯ ಕೊನೆಗೆ, ಗುಡ್ ಫ್ರೈಡೇ ಕಳೆದ ಮೇಲೆ, ಮನೆ ಹೆಚ್ಚು ಕಡಿಮೆ ಖಾಲಿಯಾಯಿತು. ಆಗ ಯಜಮಾನಿ ಮಂಗಳೂರಿನವರನ್ನು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಕಳಿಸಿದರು. ಕಡಲಿಗೆ ಮುಖ ಮಾಡಿದ ಆ ಕೋಣೆಗೆ ಹಂಗಾಮಿನಲ್ಲಿ ಎರಡು ಪಟ್ಟು ಬಾಡಿಗೆ. ಅದರ ಮೂರು ಮೆಟ್ಟಿಲು ಇಳಿದರೆ ಮರಳು, ಮರಳು ದಾಟಿದರೆ ನೀರು, ನಡುವೆ ಬೇರೇನೂ ಇಲ್ಲ. ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ಅಲೆ ಸರಿದು ಹೋಗುವಾಗ ಮರಳು ಸೆಳೆಯುವ ಸದ್ದು ದಿಂಬಿನ ಕೆಳಗೇ ಕೇಳುತ್ತಿತ್ತು. ಅಪ್ಪ ಅದನ್ನು ಬಹಳ ದೊಡ್ಡ ಉಪಕಾರ ಎಂದು ತಿಳಿದರು, ಊರಿಗೆ ಬಂದ ಮೇಲೂ ನೆಂಟರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಕಡಲತೀರಕ್ಕೆ ಹೋದ ಯಾರೇ ಆಗಲಿ ಬಯಸುವುದು ಆ ಕೋಣೆಯನ್ನೇ. ಹೆಚ್ಚು ಹಣ ಕೊಟ್ಟವರು ನೀರಿಗೆ ಹೆಚ್ಚು ಹತ್ತಿರ ಮಲಗುತ್ತಾರೆ ಎಂಬುದು ದಂಡೆಯ ಊರುಗಳ ವ್ಯವಹಾರದ ತಳಹದಿ. ಆ ಊರುಗಳ ಮನೆಗಳೆಲ್ಲ ಈ ಬಯಕೆಯ ದಿಕ್ಕಿಗೇ ಬೆಳೆದವು.

ಉಳಿದ ದಿನಗಳಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸುವ ಆತುರ ಇದ್ದೇ ಇರುತ್ತದೆ. ಗಾಲೆಯ ಕೋಟೆಗೆ ಒಂದು ದಿನ ಹೋಯಿತು. ಪೋರ್ಚುಗೀಸರು ಶುರು ಮಾಡಿದ್ದ ಕೋಟೆಯನ್ನು 1640ರಲ್ಲಿ ಡಚ್ಚರು ಹಿಡಿದು, ಇಂದು ಕಾಣುವ ಆಕಾರಕ್ಕೆ ಕಟ್ಟಿದರು. ಹಳೆಯ ಬಾಗಿಲಿನ ಒಳಬದಿ ಅವರ ಕಂಪನಿಯ ಲಾಂಛನ, 1669ರ ಇಸವಿ ಕೆತ್ತನೆಯಲ್ಲಿ ಉಳಿದಿವೆ. 1988ರಲ್ಲಿ ಯುನೆಸ್ಕೊ ಕೋಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಪ್ಪನ ಲಕ್ಷ್ಯವೆಲ್ಲ ಕೋಟೆಯ ಗೋಡೆಯಡಿಯ ಕ್ರಿಕೆಟ್ ಮೈದಾನದ ಮೇಲೆ. ಶೇನ್ ವಾರ್ನ್ ಅಲ್ಲಿ ತನ್ನ 500ನೇ ಟೆಸ್ಟ್ ವಿಕೆಟ್ ಪಡೆದು ಒಂದು ತಿಂಗಳಷ್ಟೇ ಆಗಿತ್ತು. ಕೋಟೆಗೋಡೆಯ ಮೇಲೆ ಕೂತು ಟಿಕೆಟ್ ಇಲ್ಲದೆ ಆಟ ನೋಡಬಹುದು ಎಂದು ತಿಳಿದು ಅವರು ಅಲ್ಲಿಂದ ಏಳಲೊಲ್ಲರು. ಮೈದಾನದ ಆಚೆ ಬದಿಗೆ ಬಸ್ ನಿಲ್ದಾಣ, ಹಬ್ಬಕ್ಕೆ ಊರಿಗೆ ಹೋಗುವವರಿಂದ ತುಂಬಿ ತುಳುಕುತ್ತಿತ್ತು.

ಅಹಂಗಮದ ಕಡೆ ಕಂಬದ ಮೇಲೆ ಕೂತು ಗಾಳ ಹಾಕುವವರನ್ನು ನೋಡಲು ಹೋದದ್ದು ಇನ್ನೊಂದು ದಿನ. ಆಳವಿಲ್ಲದ ನೀರಿನಲ್ಲಿ ಹವಳದ ಕಲ್ಲಿಗೆ ಊರಿದ ಗೂಟ, ಅದಕ್ಕೆ ಅಡ್ಡ ಕಟ್ಟಿದ ಒಂದು ಕೋಲು, ಆ ಕೋಲಿನ ಮೇಲೆ ಒಂದು ಕೈಯಲ್ಲಿ ಗೂಟ ಹಿಡಿದು ಕೂರುವ ಮನುಷ್ಯ. ಎರಡನೇ ಮಹಾಯುದ್ಧದ ಕಾಲದ ಬರದಲ್ಲಿ ಈ ಪದ್ಧತಿ ಹಬ್ಬಿತೆನ್ನುತ್ತಾರೆ. ಸಿಗುವುದು ಪುಡಿ ಮೀನು. ದಂಡೆಯಲ್ಲಿ ನಿಂತವನೊಬ್ಬ ಫೋಟೊಕ್ಕೆ ಇಷ್ಟು ಎಂದು ಹಣ ಕೇಳಿದ್ದು ಅಪ್ಪನಿಗೆ ಸರಿಬರಲಿಲ್ಲ. ಆದರೆ ಮೀನಿನಲ್ಲಿ ಗಿಟ್ಟುವುದಕ್ಕಿಂತ ಫೋಟೊದಲ್ಲಿ ಹೆಚ್ಚು ಗಿಟ್ಟಿದರೆ ಆ ಗೂಟ ಹತ್ತಿದವನು ಅದನ್ನೇ ಮಾಡುತ್ತಾನೆ, ಮಾಡಬೇಕಾದ್ದೂ ಅದನ್ನೇ. ಬಿಸಿಲಿನಲ್ಲಿ ಗಂಟೆಗಟ್ಟಲೆ ಕೋಲಿನ ಮೇಲೆ ಕೂರುವ ಶ್ರಮ ಎರಡಕ್ಕೂ ಒಂದೇ.

ಆಮೆಯ ಮರಿ ಬಿಡುವ ಜಾಗವೂ ಆ ರಸ್ತೆಯಲ್ಲೇ ಇತ್ತು. ಜಗತ್ತಿನ ಏಳು ಜಾತಿಯ ಕಡಲಾಮೆಗಳಲ್ಲಿ ಐದು ಲಂಕೆಯ ದಂಡೆಗೆ ಬಂದು ಮೊಟ್ಟೆಯಿಡುತ್ತವೆ. ಮೊಟ್ಟೆಗಳನ್ನು ಹಣ ಕೊಟ್ಟು ಕೊಂಡು, ಬೇಲಿಯೊಳಗಿನ ಮರಳಿನಲ್ಲಿ ಹೂತು, ಮರಿಯಾದ ಮೇಲೆ ಸಿಮೆಂಟ್ ತೊಟ್ಟಿಯಲ್ಲಿ ಕೆಲವು ದಿನ ಇಟ್ಟು ಪ್ರವಾಸಿಗಳ ಕೈಯಿಂದ ಬಿಡಿಸುತ್ತಿದ್ದರು. ಹುಡುಗಿಯ ಅಂಗೈಯಲ್ಲಿ ಒಂದು ಮರಿಯನ್ನಿಟ್ಟಾಗ ಅದು ಆಗಲೇ ಈಜುವ ಹಾಗೆ ಗಾಳಿಯಲ್ಲಿ ಕೈಕಾಲು ಬಡಿಯುತ್ತಿತ್ತು. ಅವಳ ಬಾಲ್ಯದ ಅತ್ಯಂತ ಸಂತೋಷದ ಕ್ಷಣಗಳಲ್ಲಿ ಅದೊಂದು. ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ದಿನವೇ ಆಳದ ನೀರು ಮುಟ್ಟುವ ಕಸುವಿರುತ್ತದೆ. ಹೊಟ್ಟೆಯಲ್ಲಿ ಉಳಿದ ಹಳದಿಯ ಬಲದಿಂದ ಅದು ಎಡೆಬಿಡದೆ ಈಜುತ್ತದೆ. ತೊಟ್ಟಿಯ ಗೋಡೆಗೆ ಮೂತಿ ತಾಗಿಸುತ್ತ ದಿನ ಕಳೆದರೆ ಆ ಕಸುವೆಲ್ಲ ಅಲ್ಲೇ ಖರ್ಚಾಗುತ್ತದೆ. ಹಗಲಿನಲ್ಲಿ ಬಿಟ್ಟರೆ ಹಕ್ಕಿಗೂ ಮೀನಿಗೂ ಸುಲಭದ ತುತ್ತು. ಮರಿಯನ್ನು ಉಳಿಸುವ ದಾರಿ ಎಂದರೆ ಹುಟ್ಟಿದ ರಾತ್ರಿಯೇ ಕತ್ತಲಲ್ಲಿ ಬಿಡುವುದು, ಯಾರೂ ನೋಡದಿರುವಾಗ.

ಹೊಸ ವರ್ಷ ಬಂದದ್ದು ಇವೆಲ್ಲ ಮುಗಿದ ಮೇಲೆ. ಹಳೆಯ ವರ್ಷಕ್ಕೂ ಹೊಸದಕ್ಕೂ ನಡುವೆ ಪುಣ್ಯಕಾಲ ಎಂಬ ಬಿಡುವು ಇರುತ್ತದೆ, ಸಂಕ್ರಮಣದ ಹಿಂದೆ 6 ಗಂಟೆ 24 ನಿಮಿಷ, ಮುಂದೆ ಅಷ್ಟೇ. ಆ ಹೊತ್ತಿನಲ್ಲಿ ಒಲೆ ಹಚ್ಚುವುದಿಲ್ಲ, ಕೆಲಸ ಮಾಡುವುದಿಲ್ಲ, ಕೊಡು ಕೊಳ್ಳು ಇಲ್ಲ. ಬೌದ್ಧ ವಿಹಾರಕ್ಕೆ ಹೋಗಿ ಬರುತ್ತಾರೆ, ಇಲ್ಲವೇ ಮನೆಯಂಗಳದಲ್ಲಿ ಆಡುತ್ತಾರೆ. ಹಲಸಿನ ಮರಕ್ಕೆ ಉಯ್ಯಾಲೆ ಕಟ್ಟಿತ್ತು. ಹೆಂಗಸರು ನೆಲದ ಮೇಲೆ ರಬಾನ ಎಂಬ ದೊಡ್ಡ ತಮಟೆಯ ಸುತ್ತ ಕೂತು ಎಂಟೂ ಹತ್ತೂ ಕೈಗಳಿಂದ ಬಾರಿಸುತ್ತಿದ್ದರು. ಗುಳಿಗಳಿದ್ದ ಮಣೆಯ ಮೇಲೆ ಗುಲಗಂಜಿ ಹಾಕಿ ಆಡುವ ಆಟವನ್ನು ಕಂಡದ್ದೇ ಅಮ್ಮ ಕೂತುಬಿಟ್ಟರು. ತುಳುನಾಡಿನ ಚೆನ್ನೆಮಣೆಯ ಹತ್ತಿರದ ಬಂಧು ಅದು. ನಿಯಮ ಸ್ವಲ್ಪ ಬೇರೆ, ಆದರೂ ಎರಡು ಸುತ್ತಿನಲ್ಲಿ ಅಮ್ಮನ ಕೈ ಪಳಗಿತು.

ಹಿಂದಿನ ರಾತ್ರಿಯೇ ಯಜಮಾನಿ ಎಲ್ಲ ಮಾಡಿಟ್ಟಿದ್ದರು. ಅಕ್ಕಿ ಹಿಟ್ಟಿಗೆ ಬೈನೆ ಮರದ ಕಾಕಂಬಿ ಬೆರೆಸಿ ಎಣ್ಣೆಯಲ್ಲಿ ಕರಿದ ಕವುಮ್, ಹೂವಿನ ಅಚ್ಚಿನಲ್ಲಿ ಕರಿದ ಕೊಕಿಸ್. ಎರಡನೆಯದು ಮಂಗಳೂರಿನ ಕ್ರೈಸ್ತರ ಮನೆಯಿಂದ ಕ್ರಿಸ್‌ಮಸ್‌ಗೆ ಬರುವ ಕುಸ್ವಾರ್‌ನ ತಟ್ಟೆಯಲ್ಲಿ ಹುಡುಗಿ ಪ್ರತಿ ವರ್ಷ ತಿನ್ನುತ್ತಿದ್ದುದೇ. ಅತಿಥಿಗಳಿಗೆ ಪುಣ್ಯಕಾಲದಲ್ಲಿ ಹಸಿವಾದರೆಂದು ಇವನ್ನೂ ಬಾಳೆಹಣ್ಣನ್ನೂ ಮುಚ್ಚಿಟ್ಟ ತಟ್ಟೆಯಲ್ಲಿ ಕೋಣೆಯ ಬಾಗಿಲಲ್ಲಿ ಇಟ್ಟು ಹೋದರು. ಮರುದಿನ ಹೊರಡಬೇಕಾಗಿದ್ದ ಅಮ್ಮ ಲೆಕ್ಕ ಚುಕ್ತಾ ಮಾಡಲು ಹಣ ಹಿಡಿದು ಅಡುಗೆಮನೆಗೆ ಹೋದರೆ ಅವರು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು.

“ಈಗ ದುಡ್ಡು ಮುಟ್ಟುವ ಹಾಗಿಲ್ಲ ನಂಗಿ. ಹಾಲು ಉಕ್ಕಲಿ, ಆಮೇಲೆ ಕೊಡಿ.”

ಒಲೆ ಹಚ್ಚುವ ಮುಹೂರ್ತ, ಯಾವ ದಿಕ್ಕಿಗೆ ಮುಖ ಮಾಡಬೇಕು, ಯಾವ ಬಣ್ಣದ ಬಟ್ಟೆ ಉಡಬೇಕು ಎಂಬುದನ್ನೆಲ್ಲ ಜೋಯಿಸರು ದೇಶಕ್ಕೆಲ್ಲ ಒಂದೇ ಪಟ್ಟಿ ಮಾಡಿ ಕೊಟ್ಟಿರುತ್ತಾರೆ. ರೇಡಿಯೊ ಸಮಯ ಹೇಳಿತು. ಹಳೆಯ ಬೂದಿ ತೆಗೆದು ಸಾರಿಸಿದ ಒಲೆಯಲ್ಲಿ ಯಜಮಾನಿ ತೆಂಗಿನ ಗರಿಯ ಕಡ್ಡಿಗಳಿಗೆ ಬೆಂಕಿ ಮುಟ್ಟಿಸಿದರು. ಹೊಸ ಮಣ್ಣಿನ ಮಡಕೆಯ ಹೊರಮೈ ಮೊದಲು ಬೆವರಿದಂತೆ ತೇವವಾಗಿ, ಆಮೇಲೆ ಒಣಗಿ ಬಣ್ಣ ತಿರುಗಿತು. ಎಲ್ಲರೂ ಮಾತು ನಿಲ್ಲಿಸಿ ಮಡಕೆಯ ಬಾಯಿಯನ್ನೇ ನೋಡುತ್ತ ನಿಂತರು, ಕೆಲಸದ ಹುಡುಗ ಕೂಡ, ಹೊಸ ಅಂಗಿ ತೊಟ್ಟು. ಹಾಲು ಅಂಚಿಗೆ ಬಂದು ಒಂದು ಕ್ಷಣ ತಡೆದು ಸುತ್ತಲೂ ಸುರಿಯಿತು. ಒಲೆ ಚುಂಯ್ ಎಂದಿತು, ಹೊರಗೆ ಪಟಾಕಿ. ಹಾಲು ಯಾವ ಬದಿಗೆ ಉಕ್ಕಿದರೆ ಏನು ಫಲ ಎಂದು ಅಮ್ಮ ಕೇಳಿದರು. ಎಲ್ಲ ಬದಿಗೂ ಉಕ್ಕಿದರೆ ಎಲ್ಲರಿಗೂ ಒಳ್ಳೆಯದು ಎಂದರು ಯಜಮಾನಿ. ಆ ವರ್ಷದ ಹಾಲು ಎಲ್ಲ ಬದಿಗೂ ಉಕ್ಕಿತ್ತು.

ಮುಂದಿನ ಮುಹೂರ್ತ ಗನುದೆನುವಿನದು, ವರ್ಷದ ಮೊದಲ ಕೊಡು ಕೊಳ್ಳು. ಯಜಮಾನಿ ಮೊದಲು ಬಾವಿಗೆ ಒಂದು ಹೂವು ಹಾಕಿ ನೀರು ಸೇದಿಕೊಂಡರು. ಅನಂತರ ವೀಳ್ಯದೆಲೆಯಲ್ಲಿ ನೋಟು ಇಟ್ಟು ಮಗಳಿಗೆ, ಹುಡುಗನಿಗೆ, ನೆರೆಯವರಿಗೆ ಕೊಟ್ಟರು. ಅವರೂ ಎಲೆಯಲ್ಲಿ ಒಂದು ನಾಣ್ಯವನ್ನಾದರೂ ಇಟ್ಟು ಮರಳಿ ಕೊಟ್ಟರು. ಅಮ್ಮ ತಮ್ಮ ಬಿಲ್ಲಿನ ಹಣವನ್ನು ಎಲೆಯ ಮೇಲಿಟ್ಟು ಎರಡೂ ಕೈಯಿಂದ ಕೊಟ್ಟರು. ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಕೋಣೆ, ಊಟ, ತಂಬಿಲಿ ಎಂದು ಬರೆದ ಆ ಲೆಕ್ಕ ಹಾಗೆ ವರ್ಷದ ಮೊದಲ ವ್ಯವಹಾರವಾಯಿತು. ಯಜಮಾನಿ ಅದರಿಂದ ಒಂದು ನೋಟು ತೆಗೆದು ಎಲೆಯ ಜತೆ ಹುಡುಗಿಯ ಕೈಗಿಟ್ಟರು. ಅಷ್ಟು ದಿನ ಬಾಡಿಗೆಯ ವಿಷಯದಲ್ಲಿ ಬಿಗಿಯಾಗಿ ಚೌಕಾಸಿ ಮಾಡಿದ್ದ ಅಪ್ಪ ಆಗ ಏನೂ ಮಾತಾಡಲಿಲ್ಲ. ಚೌಕಾಸಿಯಲ್ಲಿ ಉಳಿಸಿದ ಮೊತ್ತ ಮಂಗಳೂರಿನಲ್ಲಿ ಒಂದು ಹೊತ್ತಿನ ಹೋಟೆಲ್ ಊಟಕ್ಕೆ ಸಾಕಾಗುವಷ್ಟಿತ್ತು. ಆ ಮನೆಗೆ ಅದು ಅದಕ್ಕಿಂತ ಹೆಚ್ಚಿನದಾಗಿತ್ತು ಎಂದು ಮಗಳು ಇಂದು ಲೆಕ್ಕ ಹಾಕಿ ಹೇಳಬಲ್ಲಳು.

ಮರಳುವ ದಾರಿ ರೈಲಿನದು. ಗಾಲೆಗೆ 1894ರಲ್ಲಿ ಬಂದ ಈ ಹಳಿ ಹಲವು ಕಡೆ ಕಡಲಿಗೆ ತೀರ ಹತ್ತಿರದಿಂದ ಸಾಗುತ್ತದೆ. ಕೊಲಂಬೊ ಕಡೆ ಹೋಗುವಾಗ ಎಡಗಡೆ ನೀರು, ಬಲಗಡೆ ಊರು. ಹಬ್ಬ ಮುಗಿಸಿ ಕೆಲಸಕ್ಕೆ ಮರಳುವವರಿಂದ ಡಬ್ಬಿ ತುಂಬಿತ್ತು. ಬಾಗಿಲಲ್ಲಿ ಹುಡುಗರು ನೇತಾಡುತ್ತಿದ್ದರು, ಮಡಿಲಲ್ಲಿ ತಿಂಡಿಯ ಗಂಟು, ಕೆಂಪು ಮಡಕೆಗಳಲ್ಲಿ ಎಮ್ಮೆಯ ಮೊಸರು. ಹಿಕ್ಕಡುವ ದಾಟಿದ ಮೇಲೆ ಪೆರಲಿಯ, ತೆಲ್ವತ್ತ. ಹಳಿಗೂ ದಂಡೆಗೂ ನಡುವೆ ಸಾಲು ಮನೆ, ಒಗೆದು ಹಾಕಿದ ಬಟ್ಟೆ, ರೈಲಿಗೆ ಕೈ ಬೀಸುವ ಮಕ್ಕಳು. ಹುಡುಗಿಯೂ ಕೈ ಬೀಸಿದಳು.

ಆ ವರ್ಷದ ಡಿಸೆಂಬರ್ 26 ಭಾನುವಾರ, ಹುಣ್ಣಿಮೆ. ಲಂಕೆಯಲ್ಲಿ ಹುಣ್ಣಿಮೆಗೆ ಸಾರ್ವತ್ರಿಕ ರಜೆ, ಕ್ರಿಸ್‌ಮಸ್‌ನ ಮರುದಿನ ಬೇರೆ. ಬೆಳಿಗ್ಗೆ ಕೊಲಂಬೊ ಬಿಟ್ಟ ರೈಲು ಕಿಕ್ಕಿರಿದಿತ್ತು. ಸುಮಾತ್ರದ ಬಳಿ ಕಡಲಿನ ತಳ ಕಂಪಿಸಿ ಎದ್ದ ನೀರು ಲಂಕೆಯ ಪೂರ್ವ ತೀರಕ್ಕೆ ನೇರ ಹೊಡೆಯಿತು. ದ್ವೀಪದ ಮರೆಯಲ್ಲಿದ್ದ ನೈರುತ್ಯ ತೀರವನ್ನು ಅದು ಬಾಗಿ ಸುತ್ತಿಕೊಂಡು ಬಂದು ತಲುಪಿತು. ಪೆರಲಿಯದ ಬಳಿ ಮೊದಲ ಅಲೆಗೆ ರೈಲು ನಿಂತಿತು. ಅಕ್ಕಪಕ್ಕದ ಮನೆಯವರು ಗಟ್ಟಿಯಾದ ಆಸರೆಯೆಂದು ಅದರೊಳಗೆ ಹತ್ತಿದರು, ಅದರ ಮರೆಗೆ ನಿಂತರು. ಎರಡನೆಯ ಅಲೆ ಡಬ್ಬಿಗಳನ್ನು ಹಳಿಯಿಂದ ಕಿತ್ತು ಒಳಕ್ಕೆ ಒಯ್ದಿತು. ಅಲ್ಲಿ ಸತ್ತವರು ಸುಮಾರು 1,700 ಎಂದು ಅಂದಾಜು. ರೈಲಿನ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸಾವು ಬೇರೆಲ್ಲೂ ಆಗಿಲ್ಲ. ಲಂಕೆಯಲ್ಲಿ ಒಟ್ಟು 30,000ಕ್ಕೂ ಹೆಚ್ಚು ಜನ ಹೋದರು. ಗಾಲೆಯ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಮುಳುಗಿದವು. ಡಚ್ಚರ ಗೋಡೆಯೊಳಗಿನ ಕೋಟೆ ಬಹುಮಟ್ಟಿಗೆ ಉಳಿಯಿತು. ಕರ್ನಾಟಕದ ಕರಾವಳಿಗೆ ಅದು ದೊಡ್ಡ ಹಾನಿ ಮಾಡಲಿಲ್ಲ. ಮಂಗಳೂರಿನ ಮನೆಯಲ್ಲಿ ಅಂದು ಅಮ್ಮ ನೋಟ್‌ಬುಕ್ಕಿನ ಆ ಹಾಳೆಯಲ್ಲಿದ್ದ ಫೋನ್ ನಂಬರಿಗೆ ರಾತ್ರಿಯವರೆಗೆ ಕರೆ ಮಾಡುತ್ತಲೇ ಇದ್ದರು.

ಕಾಗದ ಬಂದದ್ದು ಕೆಲವು ವಾರಗಳ ಮೇಲೆ, ಯಜಮಾನಿಯ ಮಗಳ ಕೈಬರಹದಲ್ಲಿ. ಹುಣ್ಣಿಮೆಯ ಶೀಲವ್ರತ ಹಿಡಿದು ತಾಯಿ ಮಗಳು ಬೆಳಿಗ್ಗೆಯೇ ಮೇಲಿನ ವಿಹಾರಕ್ಕೆ ಹೋಗಿದ್ದರಿಂದ ಬದುಕಿದರು. ಹುಡುಗ ಬ್ರೆಡ್ ತರಲು ಒಳಗಿನ ರಸ್ತೆಗೆ ಹೋಗಿದ್ದ. ಆಮೇಲೆ ತನ್ನ ಊರಿಗೆ ಹೋದವನು ಕಡಲ ಕಡೆ ಮತ್ತೆ ಬರಲಿಲ್ಲ. ಮನೆಯ ಹಿಂಭಾಗ ನಿಂತಿದೆ, ಮುಂದಿನ ಕೋಣೆಗಳು ಹೋದವು. ಕಡಲಿಗೆ ಮುಖ ಮಾಡಿದ ಕೋಣೆಯಲ್ಲಿದ್ದ ವಯಸ್ಸಾದ ದಂಪತಿಯ ಬಗ್ಗೆ ಒಂದೇ ಸಾಲು ಇತ್ತು: ಅವರನ್ನು ಮೂರನೆಯ ದಿನ ಗುರುತಿಸಿದರು. ಆ ಕೋಣೆಯ ಮಾತನ್ನು ಅಪ್ಪ ಆಮೇಲೆ ನೆಂಟರ ಎದುರು ಎತ್ತಲಿಲ್ಲ.

ಅಲೆ ಎಲ್ಲ ಕಡೆ ಒಂದೇ ರೀತಿ ಬರಲಿಲ್ಲ ಎಂಬುದು ತಜ್ಞರು ದಂಡೆಯನ್ನು ಅಳೆದಾಗ ತಿಳಿಯಿತು. ಹವಳದ ದಿಬ್ಬ ಉಳಿದಿದ್ದ ಹಿಕ್ಕಡುವದಲ್ಲಿ ನೀರು ಎರಡು ಮೂರು ಮೀಟರ್ ಎತ್ತರ ಬಂದು ಸುಮಾರು 50 ಮೀಟರ್ ಒಳಗೆ ಹೋಗಿ ನಿಂತಿತ್ತು. ಅಲ್ಲಿಗೆ ಹತ್ತಿರವೇ ಇರುವ ಪೆರಲಿಯದಲ್ಲಿ ಅಲೆಯ ಎತ್ತರ 10 ಮೀಟರ್, ಒಳನುಗ್ಗಿದ್ದು ಒಂದೂವರೆ ಕಿಲೋಮೀಟರ್. ಪೆರಲಿಯದ ಕಡಲಿನಿಂದ ಹವಳವನ್ನು ಕಿತ್ತು ತೆಗೆದಿದ್ದರು. ಕರಾವಳಿ ಕರ್ನಾಟಕದಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವಂತೆ ಆ ತೀರದಲ್ಲಿ ಹವಳ ಸುಟ್ಟು ಸುಣ್ಣ ಮಾಡುತ್ತಿದ್ದರು. ಕಾನೂನು ಅದನ್ನು ನಿಷೇಧಿಸಿದ ಮೇಲೂ ಭಟ್ಟಿಗಳು ಹೊಗೆಯಾಡುತ್ತಲೇ ಇದ್ದವು. ಕಟ್ಟಡದ ಗಾರೆಗೂ ಗೋಡೆಯ ಬಿಳುಪಿಗೂ ಆ ಸುಣ್ಣವೇ ಬೇಕಾಗಿತ್ತು. ಪ್ರವಾಸಿಗಳಿಗಾಗಿ ಎದ್ದ ಕೋಣೆಗಳ ಗೋಡೆಗೂ ಅದು ಸೇರಿತ್ತೆಂದರೆ ತಪ್ಪಾಗಲಾರದು.

ಸುನಾಮಿಯ ನಂತರ ಸರಕಾರ ದಕ್ಷಿಣ ಮತ್ತು ಪಶ್ಚಿಮ ತೀರದಲ್ಲಿ 100 ಮೀಟರ್, ಉತ್ತರ ಮತ್ತು ಪೂರ್ವದಲ್ಲಿ 200 ಮೀಟರ್ ಒಳಗೆ ಯಾರೂ ಮನೆ ಕಟ್ಟಬಾರದು ಎಂದು ಸಾರಿತು. ಮೀನುಗಾರರು ದೋಣಿಯಿಂದ ದೂರ ಹೋಗಿ ಬದುಕುವುದು ಹೇಗೆ ಎಂಬ ಕೂಗು ಎದ್ದಿತು, ಹೋಟೆಲುಗಳಿಗೆ ಬೇರೆ ನ್ಯಾಯವೇ ಎಂಬ ಕೂಗೂ ಎದ್ದಿತು. ಕೊನೆಗೆ ನಿಯಮವೇ ಸಡಿಲವಾಯಿತು. ಎಲ್‌ಟಿಟಿಇ ಜತೆಗಿನ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಗಾಲೆಯ ಮೈದಾನ 2007ರ ಕೊನೆಗೆ ಮತ್ತೆ ತೆರೆದಿತ್ತು, 2010ರಲ್ಲಿ ಮುರಳೀಧರನ್ ತಮ್ಮ 800ನೇ ಟೆಸ್ಟ್ ವಿಕೆಟನ್ನು ಭಾರತದ ವಿರುದ್ಧ ಅಲ್ಲೇ ಪಡೆದರು. 2011ರಲ್ಲಿ ಹೆದ್ದಾರಿ ಆದ ಮೇಲೆ ಕೊಲಂಬೊದಿಂದ ಗಾಲೆಗೆ ಒಂದು ಗಂಟೆಯ ದಾರಿ. ಪ್ರವಾಸಿಗಳಲ್ಲಿ ಬಹುಪಾಲು ಈಗ ಪೆರಲಿಯವನ್ನು ನೋಡದೆಯೇ ಉನವಟುನ ತಲುಪುತ್ತಾರೆ.

ಕೊಲ್ಲಿಯ ಆಕಾರವೂ ಮೊದಲಿನದಲ್ಲ. ದಂಡೆಯನ್ನು ಕಾಪಾಡಲೆಂದು ಕಲ್ಲಿನ ತಡೆ ಹಾಕಿದ ಮೇಲೆ ಮರಳು ಬೇರೆ ಕಡೆಗೆ ಸರಿದು, ಹುಡುಗಿ ಆಡಿದ್ದ ಜಾಗ ಬಹುಮಟ್ಟಿಗೆ ಕರಗಿತು. ಆಮೇಲೆ ಆಳದಿಂದ ಮರಳೆತ್ತಿ ತಂದು ಸುರಿದು ದಂಡೆಯನ್ನು ಮತ್ತೆ ಅಗಲ ಮಾಡಿದರು. ಒಂದು ಕಡೆ ಕಲ್ಲು ಹಾಕಿದರೆ ಇನ್ನೊಂದು ಕಡೆ ಕಡಲು ಕಚ್ಚುತ್ತದೆ ಎಂಬುದನ್ನು ಉಳ್ಳಾಲ, ಸೋಮೇಶ್ವರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹವಳದ ದಿಬ್ಬಕ್ಕೆ ಬಿಸಿನೀರಿನ ಪೆಟ್ಟು ಬೇರೆ: 1998ರಲ್ಲಿ ಲಂಕೆಯ ಹವಳ ಬಿಳಿಚಿ ಬಹುಪಾಲು ಸತ್ತಿತ್ತು, ಚೇತರಿಸಿಕೊಂಡದ್ದು 2016ರಲ್ಲಿ ಮತ್ತೆ ಬಿಳಿಚಿತು. ಮರಳನ್ನು ಹಣ ಕೊಟ್ಟು ತರಬಹುದು, ಹವಳ ಹಾಗೆ ಬರುವುದಿಲ್ಲ.

ಯಜಮಾನಿ ತೀರಿಕೊಂಡಿದ್ದಾರೆ. ಮನೆ ಈಗ ಮಗಳದು; ಕಡಲ ಬದಿಯ ಜಾಗ ಮಾರಿ, ರಸ್ತೆಯ ಒಳಮಗ್ಗುಲಿನಲ್ಲಿ ಗುಡ್ಡದ ಕಡೆಗೆ ಕಟ್ಟಿದ್ದಾಳೆ. 2019ರ ಈಸ್ಟರ್ ಬಾಂಬುಗಳು, ಕೋವಿಡ್, 2022ರಲ್ಲಿ ದೇಶವೇ ಸಾಲ ತೀರಿಸಲಾರದೆ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತದ್ದು, ಇವೆಲ್ಲ ಒಂದರ ಮೇಲೊಂದು ಬಂದು ಕೋಣೆಗಳು ವರ್ಷಗಟ್ಟಲೆ ಖಾಲಿ ಇದ್ದವು. ಈಗ ಮತ್ತೆ ತುಂಬುತ್ತಿವೆ. ಬರುವವರಲ್ಲಿ ಭಾರತದವರು ಬಹಳ. 2024ರ ಆ ಡಿಸೆಂಬರ್ ದಿನ ಮಂಗಳೂರಿನಿಂದ ಹೋದ ಸಂದೇಶಕ್ಕೆ ಅವಳು ಅಂದೇ ಉತ್ತರ ಬರೆದಳು. ಬೆಳಿಗ್ಗೆ 9.25ಕ್ಕೆ ದೇಶವೆಲ್ಲ ಎರಡು ನಿಮಿಷ ಮೌನವಾಗಿ ನಿಲ್ಲುವಾಗ ಅವಳ ಮನೆಯ ಅತಿಥಿಗಳೂ ನಿಂತಿದ್ದರು. ಅವಳ ಮಕ್ಕಳಿಗೆ ಗುಡ್ಡ ಹತ್ತುವ ದಾರಿ ಕತ್ತಲಲ್ಲೂ ಗೊತ್ತು. ಹಿಂದೂ ಮಹಾಸಾಗರಕ್ಕೆ 2004ರಲ್ಲಿ ಇಲ್ಲದಿದ್ದ ಮುನ್ನೆಚ್ಚರಿಕೆಯ ವ್ಯವಸ್ಥೆ ಈಗ ಇದೆ. ಅದರ ಕೇಂದ್ರಗಳಲ್ಲಿ ಒಂದು ಹೈದರಾಬಾದಿನಲ್ಲಿದೆ, ಲಂಕೆಗೂ ಅಲ್ಲಿಂದ ಸುದ್ದಿ ಹೋಗುತ್ತದೆ. ಫೋನ್ ಮಾಡುವವರಲ್ಲಿ ಹೆಚ್ಚಿನವರು ಇಂದಿಗೂ ಮೊದಲು ಕೇಳುವುದು ಕಡಲು ಕಾಣುವ ಕೋಣೆ ಇದೆಯೇ ಎಂದು. ಇಲ್ಲ, ಕಡಲಿಗೆ ನಡೆದು ಹೋಗಬೇಕು ಎಂದು ಅವಳು ಹೇಳುತ್ತಾಳೆ. ಕೆಲವರು ಫೋನ್ ಇಡುತ್ತಾರೆ, ಕೆಲವರು ಬರುತ್ತಾರೆ.